ಬಾನು ಗೆದ್ದವನು, ಕಡತಕ್ಕೆ ಸೋತವನು: ಎರ್ನ್ಸ್ಟ್ ಊಡೆಟ್

ಹುಲ್ಲುಗಾವಲಿನ ನಡುವೆ ಒಂದು ಬಿಳಿಯ ಕರವಸ್ತ್ರ ಬಿದ್ದಿದೆ. ಬೇಲಿಯಾಚೆ ಸಾವಿರಾರು ಪ್ರೇಕ್ಷಕರು ಉಸಿರು ಬಿಗಿಹಿಡಿದು ನಿಂತಿದ್ದಾರೆ. ದಿಗಂತದ ಅಂಚಿನಿಂದ ಗುಡುಗುತ್ತ ಬಂದ ಪುಟ್ಟ ಬೈಪ್ಲೇನ್ ಒಂದು ನೆಲಕ್ಕೆ ತಾಗಿತೋ ಎನ್ನುವಷ್ಟು ಕೆಳಗಿಳಿದು, ಒಂದು ಮಗ್ಗುಲಿಗೆ ಪೂರ್ತಿ ವಾಲಿ, ರೆಕ್ಕೆಯ ತುದಿಯಿಂದ ಆ ಕರವಸ್ತ್ರವನ್ನು ಎತ್ತಿಕೊಂಡು ಮತ್ತೆ ಆಗಸಕ್ಕೆ ಚಿಮ್ಮುತ್ತದೆ. ಅಂಗೈಯಷ್ಟು ಅಂತರ ತಪ್ಪಿದ್ದರೂ ವಿಮಾನ, ವೈಮಾನಿಕ ಎರಡೂ ಛಿದ್ರವಾಗುತ್ತಿದ್ದವು. ಆದರೆ ಆ ಅಂತರ ತಪ್ಪುತ್ತಿರಲಿಲ್ಲ. 1920 ಮತ್ತು 30ರ ದಶಕಗಳಲ್ಲಿ ಯೂರೋಪ್ ಹಾಗೂ ಅಮೆರಿಕದ ವೈಮಾನಿಕ ಪ್ರದರ್ಶನಗಳಿಗೆ ಜನರನ್ನು ಸೆಳೆದು ತರುತ್ತಿದ್ದ ಈ ವಿಸ್ಮಯದ ಹಿಂದಿದ್ದವನು ಕುಳ್ಳನೆಯ, ನಗುಮೊಗದ, ಸದಾ ತಮಾಷೆಗೆ ಸಿದ್ಧನಿದ್ದ ಜರ್ಮನ್ ವೈಮಾನಿಕ ಎರ್ನ್ಸ್ಟ್ ಊಡೆಟ್.

ಮೊದಲ ಮಹಾಯುದ್ಧದಲ್ಲಿ 62 ಶತ್ರುವಿಮಾನಗಳನ್ನು ಉರುಳಿಸಿದ ಖ್ಯಾತಿ ಈತನದು. ಜರ್ಮನಿಯಲ್ಲಿ ಈತನಿಗಿಂತ ಹೆಚ್ಚು ವಿಜಯ ಗಳಿಸಿದವನು ಒಬ್ಬನೇ, 80 ವಿಮಾನಗಳನ್ನು ಉರುಳಿಸಿದ ‘ಕೆಂಪು ಬ್ಯಾರನ್’ ಮ್ಯಾನ್‌ಫ್ರೆಡ್ ಫಾನ್ ರಿಖ್ತ್‌ಹೋಫೆನ್. ಎರಡನೆಯ ಮಹಾಯುದ್ಧ ಆರಂಭವಾದಾಗ ಅದೇ ಊಡೆಟ್ ಹಿಟ್ಲರನ ವಾಯುಪಡೆಯ ಸಮಸ್ತ ವಿಮಾನ ನಿರ್ಮಾಣದ ಸೂತ್ರಧಾರನಾಗಿದ್ದ. ಎರಡು ಯುದ್ಧಗಳು, ಎರಡು ಪಾತ್ರಗಳು. ಒಂದರಲ್ಲಿ ಅಪ್ರತಿಮ ಕೀರ್ತಿ, ಇನ್ನೊಂದರಲ್ಲಿ ದಾರುಣ ಪತನ. ಕೌತುಕದ ಸಂಗತಿಯೆಂದರೆ, ಎರಡಕ್ಕೂ ಕಾರಣವಾದದ್ದು ಒಂದೇ ಗುಣ. ಹಾರಾಟವೊಂದನ್ನು ಬಿಟ್ಟು ಜಗತ್ತಿನಲ್ಲಿ ಮತ್ತಾವುದಕ್ಕೂ ಬೆಲೆಯಿಲ್ಲ ಎಂದು ಆತ ಬಗೆದಿದ್ದ.

ಮೋಟಾರ್‌ಸೈಕಲ್‌ನಿಂದ ಮುಗಿಲಿಗೆ

1896ರ ಏಪ್ರಿಲ್ 26ರಂದು ಫ್ರಾಂಕ್‌ಫರ್ಟ್ ನಗರದಲ್ಲಿ ಹುಟ್ಟಿದ ಊಡೆಟ್ ಬೆಳೆದದ್ದು ಮ್ಯೂನಿಕ್‌ನಲ್ಲಿ. ರೈಟ್ ಸಹೋದರರ ಸಾಧನೆಯ ಸುದ್ದಿ ಯೂರೋಪಿನ ಎಳೆಯರ ಕನಸುಗಳಿಗೆ ರೆಕ್ಕೆ ಕಟ್ಟುತ್ತಿದ್ದ ಕಾಲವದು. ಓರಗೆಯ ಹುಡುಗರೊಂದಿಗೆ ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವುದು, ಊರಿನಲ್ಲೇ ಇದ್ದ ಗುಸ್ಟಾಫ್ ಓಟೋನ ವಿಮಾನ ಕಾರ್ಖಾನೆಯ ಸುತ್ತ ಅಲೆಯುವುದು ಬಾಲಕ ಊಡೆಟ್‌ನ ನಿತ್ಯದ ಹವ್ಯಾಸವಾಗಿತ್ತು. ಓದಿನಲ್ಲಿ ಮನಸ್ಸು ಅಷ್ಟಕ್ಕಷ್ಟೆ. ವ್ಯಂಗ್ಯಚಿತ್ರ ಬರೆಯುವುದರಲ್ಲಿ ಮಾತ್ರ ಎತ್ತಿದ ಕೈ. ಆ ಕಲೆ ಕೊನೆಯವರೆಗೂ ಆತನ ಜೊತೆಗಿತ್ತು.

1914ರ ಆಗಸ್ಟ್‌ನಲ್ಲಿ ಯುದ್ಧ ಸಿಡಿದಾಗ ಹದಿನೆಂಟರ ಈ ತರುಣ ತನ್ನ ಮೋಟಾರ್‌ಸೈಕಲ್ ಸಮೇತ ಸೇನೆಗೆ ಸೇರಿ ಸಂದೇಶವಾಹಕನಾದ. ಕಣ್ಣೆಲ್ಲ ಆಗಸದ ಮೇಲಿದ್ದವನಿಗೆ ಕೆಸರಿನ ರಸ್ತೆಗಳು ಒಗ್ಗಲಿಲ್ಲ. ವಾಯುದಳ ಸೇರುವ ಯತ್ನ ಕೂಡಲೇ ಕೈಗೂಡದಿದ್ದಾಗ ಓಟೋನ ಸಂಸ್ಥೆಯಲ್ಲಿ ಸ್ವಂತ ಖರ್ಚಿನಿಂದಲೇ ತರಬೇತಿ ಪಡೆದು, 1915ರ ಏಪ್ರಿಲ್‌ನಲ್ಲಿ ವಿಮಾನ ಚಾಲನೆಯ ಪರವಾನಗಿ ಗಳಿಸಿದ. ಸೇನೆ ಈಗ ಆತನನ್ನು ಬರಮಾಡಿಕೊಂಡಿತು. ಮೊದಲು ವೀಕ್ಷಕನೊಬ್ಬನನ್ನು ಕೂರಿಸಿಕೊಂಡು ಹಾರಿಸುವ ಎರಡು ಆಸನಗಳ ವಿಮಾನ. ಅನಂತರ, ಅಲ್ಸೇಸ್ ಪ್ರಾಂತ್ಯದ ಹಾಬ್ಸ್‌ಹೈಮ್ ನೆಲೆಯಲ್ಲಿ, ಒಬ್ಬನೇ ಕೂತು ಹೋರಾಡುವ ಫೋಕರ್ ಯುದ್ಧವಿಮಾನ.

ಮಹಾವೀರನೆನಿಸಲಿದ್ದ ಈತನ ಮೊದಲ ಕಾಳಗ ಮಾತ್ರ ವೀರಗಾಥೆಯೇನಲ್ಲ. ಎದುರಿನಿಂದ ಫ್ರೆಂಚ್ ವಿಮಾನವೊಂದು ಸಮೀಪಿಸಿತು, ಗುರಿ ಸ್ಪಷ್ಟವಾಗಿತ್ತು, ಬೆರಳು ಮಾತ್ರ ಗುಂಡಿ ಅದುಮಲು ಒಪ್ಪಲಿಲ್ಲ. ಇನ್ನೊಂದು ಜೀವ ತೆಗೆಯುವ ಆ ಕ್ಷಣದಲ್ಲಿ ಊಡೆಟ್ ಮರಗಟ್ಟಿಹೋದ. ಎದುರಾಳಿಯ ಬಂದೂಕುಗಾರ ಹಾಗೆ ಅಳುಕಲಿಲ್ಲ. ಅವನ ಗುಂಡಿನ ಹೊಡೆತಕ್ಕೆ ಕನ್ನಡಕ ಪುಡಿಯಾಗಿ ಗಾಜಿನ ಚೂರುಗಳು ಊಡೆಟ್‌ನ ಮುಖ ಸೀಳಿದವು. ಈ ಅಪಮಾನವನ್ನು ಆತ ತನ್ನ ಆತ್ಮಕಥೆಯಲ್ಲಿ ಮುಚ್ಚಿಡದೆ ಹೇಳಿಕೊಂಡಿದ್ದಾನೆ. ನೆಲೆಗೆ ಮರಳಿದವನು ಕೈಕಟ್ಟಿ ಕೂರದೆ ಫ್ರೆಂಚ್ ವಿಮಾನದ ಆಕಾರದ ಗುರಿಯೊಂದನ್ನು ಮಾಡಿಸಿ ನೆಲದ ಮೇಲೆ ನಿಲ್ಲಿಸಿದ. ದಿನದಿನವೂ ಅದರ ಮೇಲೆ ಎತ್ತರದಿಂದ ಎರಗುತ್ತ, ಗುಂಡು ಹಾರಿಸುತ್ತ ಅಭ್ಯಾಸ ನಡೆಸಿದ. ಮೇಲಿನಿಂದ ಧುಮುಕಿ ಗುರಿ ಭೇದಿಸುವ ಈ ವಿದ್ಯೆ ಮುಂದೆ ಆತನ ಬದುಕನ್ನೂ, ಒಂದು ದೇಶದ ವಾಯುಪಡೆಯ ಹಣೆಬರಹವನ್ನೂ ನಿರ್ಧರಿಸಿತು.

ರಣಾಂಗಣದ ನೆತ್ತಿಯ ಮೇಲೆ

ಅಂದಿನ ಫೋಕರ್ ವಿಮಾನ ಒಂದು ಯಾಂತ್ರಿಕ ಚಮತ್ಕಾರ. ಮೂತಿಯಲ್ಲಿ ತಿರುಗುವ ಪ್ರೊಪೆಲರ್‌ನ ಹಿಂದೆಯೇ ಮೆಷಿನ್ ಗನ್ ಇಟ್ಟರೆ ಗುಂಡುಗಳು ತನ್ನದೇ ಪ್ರೊಪೆಲರ್ ಅನ್ನು ಕತ್ತರಿಸಿ ಹಾಕುವ ಅಪಾಯವಿತ್ತು. ಇದಕ್ಕೆ ಪರಿಹಾರವಾಗಿ ಬಂದೂಕನ್ನು ಎಂಜಿನ್ನಿನ ಆವರ್ತನೆಗೇ ಜೋಡಿಸಲಾಯಿತು. ಪ್ರೊಪೆಲರ್‌ನ ಅಲಗು ನಳಿಗೆಯ ಎದುರಿಗೆ ಬಂದ ಕ್ಷಣದಲ್ಲಿ ಗುಂಡು ತಡೆಯಲ್ಪಡುತ್ತಿತ್ತು, ಅಲಗು ಸರಿದೊಡನೆ ಹೊಮ್ಮುತ್ತಿತ್ತು. ಇದರಿಂದಾಗಿ ಇಡೀ ವಿಮಾನವನ್ನೇ ಬಂದೂಕಿನಂತೆ ಗುರಿಯಿಡುವುದು ಸಾಧ್ಯವಾಯಿತು. ವಿಮಾನ ಹಾರಿಸುವ ಕೌಶಲವೇ ಹೊಡೆಯುವ ಕೌಶಲವೂ ಆಯಿತು. ಊಡೆಟ್‌ನಂಥ ಹುಟ್ಟುಚಾಲಕನಿಗೆ ಇದಕ್ಕಿಂತ ಒಪ್ಪುವ ಅಸ್ತ್ರ ಇನ್ನೊಂದಿರಲಿಲ್ಲ. 1916ರ ಮಾರ್ಚ್ 18ರಂದು ಮ್ಯೂಲ್‌ಹೌಸ್ ನಗರದತ್ತ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ವಿಮಾನಗಳ ದಂಡು ಸಾಗಿ ಬಂದಾಗ ಆತ ಏಕಾಂಗಿಯಾಗಿ ಅದರ ನಡುಮಧ್ಯಕ್ಕೆ ಧುಮುಕಿ, ತೀರ ಸಮೀಪದಿಂದ ಒಂದು ಫಾರ್ಮನ್ ವಿಮಾನವನ್ನು ಉರುಳಿಸಿದ. ಅದು ಆತನ ಮೊದಲ ವಿಜಯ.

ಮರುವರ್ಷದ ಬೇಸಿಗೆಯಲ್ಲಿ ನಡೆದ ದ್ವಂದ್ವವೊಂದು ವಾಯುಯುದ್ಧದ ದಂತಕಥೆಗಳಲ್ಲಿ ಸೇರಿಹೋಗಿದೆ. ಫ್ರಾನ್ಸಿನ ಆರಾಧ್ಯ ವೀರ ಜಾರ್ಜ್ ಗೀನ್‌ಮೇರ್ ಎದುರಾದ. ಇಬ್ಬರೂ ಪರಸ್ಪರರ ಬಾಲ ಹಿಡಿಯಲು ನಿಮಿಷಗಟ್ಟಲೆ ಸುತ್ತುಹಾಕಿದರು. ಅಷ್ಟರಲ್ಲಿ ಊಡೆಟ್‌ನ ಮೆಷಿನ್ ಗನ್ ಕೈಕೊಟ್ಟಿತು. ಆತ ಮುಷ್ಟಿಯಿಂದ ಬಂದೂಕನ್ನು ಗುದ್ದುತ್ತಿರುವುದನ್ನು ಕಂಡ ಗೀನ್‌ಮೇರ್ ಕೊಲ್ಲುವ ಅವಕಾಶವನ್ನು ಬಿಟ್ಟುಕೊಟ್ಟು, ಕೈಬೀಸಿ, ತನ್ನ ದಿಕ್ಕಿಗೆ ಹಾರಿಹೋದ. ಇದು ಸೌಜನ್ಯವಲ್ಲ, ಆತನ ಬಂದೂಕೂ ಸಿಕ್ಕಿಕೊಂಡಿದ್ದೀತು ಎಂದು ಶಂಕಿಸಿದವರುಂಟು. ಊಡೆಟ್ ಮಾತ್ರ ಅದನ್ನು ಕ್ಷಾತ್ರಧರ್ಮವೆಂದೇ ನಂಬಿದ. ಅದೇ ಸೆಪ್ಟೆಂಬರ್‌ನಲ್ಲಿ ಗೀನ್‌ಮೇರ್ ಕಾಳಗದಲ್ಲಿ ಅಳಿದ. 

1918ರ ಮಾರ್ಚ್‌ನಲ್ಲಿ ಸ್ವತಃ ರಿಖ್ತ್‌ಹೋಫೆನ್‌ನಿಂದ ಕರೆ ಬಂತು. ಬಣ್ಣಬಣ್ಣದ ವಿಮಾನಗಳಿಂದಾಗಿ, ಡೇರೆಗಳೊಂದಿಗೆ ರಣರಂಗದುದ್ದಕ್ಕೂ ಸಂಚರಿಸುತ್ತಿದ್ದ ಜೀವನಕ್ರಮದಿಂದಾಗಿ ‘ಹಾರುವ ಸರ್ಕಸ್’ ಎಂಬ ಅಡ್ಡಹೆಸರು ಪಡೆದಿದ್ದ ಆತನ ದಳಕ್ಕೆ ಆಹ್ವಾನ ಸಿಗುವುದೆಂದರೆ ಯಾವ ಪದಕಕ್ಕೂ ಮಿಗಿಲಾದ ಗೌರವ. ನಾಯಕನ ಕಣ್ಣೆದುರಿಗಿನ ಮೊದಲ ಹಾರಾಟದಲ್ಲೇ ಊಡೆಟ್ ವಿಜಯ ಸಾಧಿಸಿ ತೋರಿಸಿದ. ಸ್ವಲ್ಪ ದಿನಗಳಲ್ಲೇ ರಿಖ್ತ್‌ಹೋಫೆನ್‌ನ ಸ್ವಂತ ತುಕಡಿಯ ಹೊಣೆ ಆತನ ಹೆಗಲೇರಿತು. ಏಪ್ರಿಲ್‌ನಲ್ಲಿ, ಕಿವಿಯ ಸೋಂಕಿನ ಚಿಕಿತ್ಸೆಗಾಗಿ ಊರಿನಲ್ಲಿದ್ದಾಗ, ಜರ್ಮನಿಯ ಅತ್ಯುನ್ನತ ಶೌರ್ಯಪದಕ ‘ಪೂರ್ ಲ ಮೆರಿಟ್’ ಒಲಿದು ಬಂತು. ಅದೇ ತಿಂಗಳ 21ರಂದು ರಿಖ್ತ್‌ಹೋಫೆನ್ ಹತನಾದ. ಆ ಜುಲೈನಲ್ಲಿ ದಳದ ನಾಯಕತ್ವ ವಹಿಸಿಕೊಂಡವನ ಹೆಸರು ಹರ್ಮನ್ ಗೋರಿಂಗ್. ಊಡೆಟ್‌ನ ಬದುಕಿನಲ್ಲಿ ಈ ಹೆಸರು ಮತ್ತೆ ಬರಲಿದೆ.

ಊಡೆಟ್‌ನ ಫೋಕರ್ ಡಿ-7 ವಿಮಾನದ ಮೈಮೇಲೆ ‘ಲೋ’ ಎಂಬ ದೊಡ್ಡ ಅಕ್ಷರಗಳು. ಅದು ಪ್ರೇಯಸಿ ಎಲಿಯನೋರ್‌ಳ ಮುದ್ದಿನ ಹೆಸರು. ಬಾಲದ ಮೇಲೆ, ಬೆನ್ನಟ್ಟುವ ವೈರಿಗೆ ಕಾಣುವಂತೆ, ನಿನ್ನಿಂದಾಗದು ಎಂಬರ್ಥದ ಅಣಕದ ಬರಹ. 1918ರ ಜೂನ್ 29ರಂದು ಫ್ರೆಂಚ್ ವಿಮಾನವೊಂದು ಈ ಸವಾಲನ್ನು ಸ್ವೀಕರಿಸಿಯೇ ಬಿಟ್ಟಿತು. ಗುಂಡೇಟಿಗೆ ವಿಮಾನ ನಿಯಂತ್ರಣ ತಪ್ಪಿದಾಗ ಊಡೆಟ್ ಹೊರಕ್ಕೆ ಹಾರಿದ. ಪ್ಯಾರಾಚೂಟಿನ ಪಟ್ಟಿ ಬಾಲದ ಚುಕ್ಕಾಣಿಗೆ ಸಿಕ್ಕಿಕೊಂಡಿತು. ಬೀಳುತ್ತಿರುವ ವಿಮಾನ ಆತನನ್ನೂ ಎಳೆದುಕೊಂಡೇ ನೆಲದತ್ತ ಸಾಗಿತು. ಕೊನೆಗೂ ಚುಕ್ಕಾಣಿಯ ತುದಿ ಮುರಿದು ಬಿಡುಗಡೆ ಸಿಕ್ಕಾಗ ನೆಲ ನೂರು ಮೀಟರಿನೊಳಗಿತ್ತು. ಕೊಡೆ ಬಿಚ್ಚಿಕೊಂಡಿತು. ಎದುರು ಪಾಳಯದ ವಿಮಾನಚಾಲಕರಿಗೆ ಪ್ಯಾರಾಚೂಟೇ ದಕ್ಕದಿದ್ದ ಆ ಕಾಲದಲ್ಲಿ, ಕಾಳಗದ ನಡುವೆ ಅದರಿಂದ ಜೀವ ಉಳಿಸಿಕೊಂಡ ಮೊದಲಿಗರ ಸಾಲಿಗೆ ಊಡೆಟ್ ಸೇರಿದ.

ಅದೇ ಬೇಸಿಗೆಯಲ್ಲಿ, ಅದೇ ಪಶ್ಚಿಮ ರಣರಂಗದ ಆಗಸದಲ್ಲಿ, ಕೋಲ್ಕತ್ತದಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ ಎಂಬ ಭಾರತೀಯ ತರುಣ ಬ್ರಿಟಿಷ್ ವಾಯುಪಡೆಯ ಪರವಾಗಿ ಎರಡೇ ವಾರಗಳಲ್ಲಿ ಹತ್ತು ವಿಜಯ ಗಳಿಸಿ, ಜುಲೈ 22ರಂದು ಜರ್ಮನಿಯ ಮತ್ತೊಂದು ದಳದ ಫೋಕರ್‌ಗಳಿಗೆ ಬಲಿಯಾದ. ಅವನ ವಯಸ್ಸು 19. ಆಗಸ್ಟ್ ತಿಂಗಳೊಂದರಲ್ಲೇ ಊಡೆಟ್ 20 ವಿಮಾನಗಳನ್ನು ಉರುಳಿಸಿದ. ಯುದ್ಧ ಮುಗಿದಾಗ ಬದುಕುಳಿದ ಜರ್ಮನ್ ವೈಮಾನಿಕರಲ್ಲಿ ಅಗ್ರಗಣ್ಯನಾಗಿದ್ದ ಆತನಿಗೂ 22 ದಾಟಿರಲಿಲ್ಲ.

ರೆಕ್ಕೆ ಕಳಚಿದ ದೇಶದ ಗಗನತಾರೆ

ಯುದ್ಧಾನಂತರದ ವರ್ಸೈಲ್ಸ್ ಒಪ್ಪಂದ ಜರ್ಮನಿಯ ಸೈನಿಕ ವಾಯುಬಲವನ್ನು ಬುಡಸಮೇತ ಕಿತ್ತುಹಾಕಿತು. ಹಾರುವುದೊಂದನ್ನೇ ಬಲ್ಲ ಸಾವಿರಾರು ತರುಣರು ಏಕಾಏಕಿ ನಿರುದ್ಯೋಗಿಗಳಾದರು. ಊಡೆಟ್ 1922ರಲ್ಲಿ ಜೊತೆಗಾರರೊಂದಿಗೆ ಮ್ಯೂನಿಕ್‌ನಲ್ಲಿ ತನ್ನ ಹೆಸರಿನದೇ ವಿಮಾನ ತಯಾರಿಕಾ ಸಂಸ್ಥೆ ಕಟ್ಟಿದ. ಅಲ್ಲಿ ರೂಪುಗೊಂಡ ‘ಫ್ಲಮಿಂಗೊ’ ಎಂಬ ಸುಂದರ ಬೈಪ್ಲೇನ್ ತರಬೇತಿಗೂ ಸಾಹಸ ಪ್ರದರ್ಶನಕ್ಕೂ ಹೇಳಿ ಮಾಡಿಸಿದಂತಿತ್ತು. ಆದರೆ ವ್ಯವಹಾರ, ಲೆಕ್ಕಪತ್ರ, ಆಡಳಿತ ಯಾವುದೂ ಊಡೆಟ್‌ಗೆ ಹಿಡಿಸದು. 1925ರಲ್ಲಿ ಆತ ಸಂಸ್ಥೆಯಿಂದ ಹೊರಬಿದ್ದ. ಕಚೇರಿಯ ಕುರ್ಚಿ ತನಗೆ ಒಗ್ಗದು ಎಂಬುದಕ್ಕೆ ಬದುಕು ಆಗಲೇ ಕೊಟ್ಟ ಮೊದಲ ಎಚ್ಚರಿಕೆ ಅದು.

ಆಮೇಲಿನದು ವೈಭವದ ದಶಕ. ಫ್ಲಮಿಂಗೊ ಏರಿ ಊರೂರು ಸುತ್ತಿದ ಊಡೆಟ್ ಎಂಜಿನ್ ಆರಿಸಿ ಗಗನದಲ್ಲಿ ಪಲ್ಟಿ ಹೊಡೆದು, ಹಾಗೆಯೇ ನಿಶ್ಶಬ್ದವಾಗಿ ತೇಲಿ ನೆಲಕ್ಕಿಳಿಯುತ್ತಿದ್ದ. ಬೆಳ್ಳಿತೆರೆಯೂ ಕೈಬೀಸಿ ಕರೆಯಿತು. 1929ರ ‘ಪಿಟ್ಸ್ ಪಾಲೂವಿನ ಬಿಳಿಯ ನರಕ’ ಚಿತ್ರದಲ್ಲಿ, ಆಲ್ಪ್ಸ್‌ನ ಹಿಮಗೋಡೆಗಳಿಗೆ ರೆಕ್ಕೆ ತಾಗಿತೋ ಎನ್ನುವಂತೆ ಹಾರಿ, ಪರ್ವತದಲ್ಲಿ ಸಿಕ್ಕಿಬಿದ್ದವರನ್ನು ಹುಡುಕುವ ವೈಮಾನಿಕನಾಗಿ ತನ್ನದೇ ಪಾತ್ರ ವಹಿಸಿದ. ಮುಂದೆ ‘ಮೌಂಟ್ ಬ್ಲಾಂಕ್ ಮೇಲಿನ ಬಿರುಗಾಳಿ’, ಗ್ರೀನ್‌ಲ್ಯಾಂಡಿನ ಹಿಮಬಂಡೆಗಳ ನಡುವೆ ಚಿತ್ರಿತವಾದ ‘ಎಸ್‌ಓಎಸ್ ಐಸ್‌ಬರ್ಗ್’ ಬಂದವು. ಆಫ್ರಿಕದ ಹುಲ್ಲುಗಾಡಿನ ಪ್ರಾಣಿಸಂಕುಲವನ್ನು ವಿಮಾನದಿಂದ ಸೆರೆಹಿಡಿದ ಚಿತ್ರವೂ ಬಂತು. ಕಂಪ್ಯೂಟರ್ ಕೈಚಳಕವಿಲ್ಲದ ಕಾಲದ ಆ ದೃಶ್ಯಗಳಲ್ಲಿ ಕಾಣುವ ಅಪಾಯವೆಲ್ಲ ಅಪ್ಪಟ ನಿಜ.

1931ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ರಾಷ್ಟ್ರೀಯ ವಿಮಾನ ಸ್ಪರ್ಧೆಗೆ ಅತಿಥಿಯಾಗಿ ಹೋದಾಗ ಊಡೆಟ್ ಜೊತೆಯಲ್ಲಿ ಒಂದು ಬಟ್ಟೆಯ ತುಂಡು ಒಯ್ದಿದ್ದ. 1918ರ ಜುಲೈನಲ್ಲಿ ತಾನೇ ಹೊಡೆದುರುಳಿಸಿದ್ದ ಅಮೆರಿಕನ್ ವೈಮಾನಿಕ ವಾಲ್ಟರ್ ವಾನಮೇಕರ್‌ನ ವಿಮಾನದಿಂದ ಕತ್ತರಿಸಿಟ್ಟಿದ್ದ, ಅದರ ನೋಂದಣಿ ಸಂಖ್ಯೆಯಿದ್ದ ಹೊದಿಕೆಯ ತುಣುಕದು. ಗಾಯಗೊಂಡು ಬದುಕಿ ಉಳಿದಿದ್ದ ವಾನಮೇಕರ್‌ಗೆ ಅಲ್ಲಿಯೇ ಅದನ್ನು ಮರಳಿಸಿದ. ಹದಿಮೂರು ವರ್ಷಗಳ ಹಿಂದೆ ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದವರು ಕೈಕುಲುಕಿದರು. ಶಾಂತಿಕಾಲದ ಊಡೆಟ್‌ನನ್ನು ಜಗತ್ತು ಪ್ರೀತಿಸಿದ್ದು ಇಂಥ ನಡೆಗಳಿಗಾಗಿ.

ಎರಡು ವಿಮಾನಗಳ ಬೆಲೆ

ಅದೇ ಅಮೆರಿಕ ಪ್ರವಾಸಗಳಲ್ಲಿ ಆತನ ಮನಸ್ಸು ಸೂರೆಗೊಂಡದ್ದು ಕರ್ಟಿಸ್ ಹಾಕ್ ಎಂಬ ಗಟ್ಟಿಮುಟ್ಟಾದ ಬೈಪ್ಲೇನ್. ಲಂಬವಾಗಿ ನೆಲದತ್ತ ಧುಮುಕಿದರೂ ಮುರಿಯದೆ ಮತ್ತೆ ಮೇಲೇಳುವ ಸಾಮರ್ಥ್ಯ ಅದರದು. ಕೊಳ್ಳುವ ಶಕ್ತಿ ಊಡೆಟ್‌ಗಿರಲಿಲ್ಲ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೇರಿದ. ಹಳೆಯ ದಳನಾಯಕ ಗೋರಿಂಗ್ ವಿಮಾನಯಾನ ಸಚಿವನಾದ. ಊಡೆಟ್ ಆ ವರ್ಷದ ಮೇ ತಿಂಗಳಲ್ಲಿ ನಾಜಿ ಪಕ್ಷದ ಸದಸ್ಯನಾದ. ಗೋರಿಂಗ್ ಸರ್ಕಾರದ ಹಣದಿಂದ ಎರಡು ಹಾಕ್ ವಿಮಾನಗಳನ್ನು ತರಿಸಿಕೊಟ್ಟ. ರಾಜಕೀಯದಲ್ಲಿ ಊಡೆಟ್‌ಗೆ ಆಸಕ್ತಿಯಿರಲಿಲ್ಲ ಎಂದು ಆತನ ಗೆಳೆಯರು ಹೇಳುತ್ತಿದ್ದರು. ಆ ನಿರಾಸಕ್ತಿಯೇ ಆಡಳಿತಕ್ಕೆ ಬೇಕಾಗಿತ್ತು. ದೇಶದ ಅಚ್ಚುಮೆಚ್ಚಿನ ವೀರನ ನಗುಮುಖ ಹೊಸ ಸರ್ಕಾರದ ಪ್ರಚಾರಕ್ಕೆ ದಕ್ಕಿತು. ವೀರನಿಗೆ ಆಡಲು ವಿಮಾನಗಳು ದಕ್ಕಿದವು.

ಹಾಕ್‌ನಲ್ಲಿ ಆತ ಮಾಡಿ ತೋರಿಸಿದ ಧುಮುಕು ವಿನೋದಕ್ಕಷ್ಟೇ ಸೀಮಿತವಾಗಲಿಲ್ಲ. ಸಮತಲದಲ್ಲಿ ಹಾರುತ್ತ ಎತ್ತರದಿಂದ ಉದುರಿಸಿದ ಬಾಂಬುಗಳು ಅಂದು ಗುರಿಯಿಂದ ಎಲ್ಲೆಲ್ಲೋ ಚದುರುತ್ತಿದ್ದವು. ನೇರ ಗುರಿಯ ಮೇಲೆರಗಿ, ಕೆಳಮಟ್ಟದಲ್ಲಿ ಬಾಂಬು ಬಿಟ್ಟು ಮೇಲೇಳುವ ವಿಮಾನ ಸೇತುವೆ, ಹಡಗಿನಂಥ ಚಿಕ್ಕ ಗುರಿಗಳನ್ನೂ ಭೇದಿಸಬಲ್ಲುದು. ಈ ತತ್ತ್ವದ ಮೇಲೆ ಸಿದ್ಧವಾಗುತ್ತಿತ್ತು ಯುಂಕರ್ಸ್ ಯು-87, ಜಗತ್ತು ಮುಂದೆ ‘ಸ್ಟುಕಾ’ ಎಂದು ನಡುಗಿ ನೆನೆದ ಡೈವ್ ಬಾಂಬರ್. 1936ರ ಜೂನ್‌ನಲ್ಲಿ ಕೆಂಪು ಬ್ಯಾರನ್‌ನ ಬಂಧುವೂ ವಾಯುಪಡೆಯ ಅಧಿಕಾರಿಯೂ ಆಗಿದ್ದ ವೋಲ್ಫ್ರಾಮ್ ಫಾನ್ ರಿಖ್ತ್‌ಹೋಫೆನ್ ಈ ವಿಮಾನದ ಅಭಿವೃದ್ಧಿಯನ್ನು ನಿಲ್ಲಿಸುವ ಆದೇಶ ಹೊರಡಿಸಿದ. ಅದರ ಬೆನ್ನಿಗೇ ವಿಮಾನಯಾನ ಸಚಿವಾಲಯದ ತಾಂತ್ರಿಕ ವಿಭಾಗದ ಮುಖ್ಯಸ್ಥನಾಗಿ ಬಂದ ಊಡೆಟ್ ಆ ಆದೇಶವನ್ನು ರದ್ದುಗೊಳಿಸಿದ. ಮುಂದಿನ ತಿಂಗಳು ಅದರ ಪ್ರತಿಸ್ಪರ್ಧಿ ಹೈಂಕೆಲ್ ಹೆ-118 ಅನ್ನು ಸ್ವತಃ ಹಾರಿಸಿದಾಗ ಅದು ಧುಮುಕಿನಲ್ಲೇ ಛಿದ್ರವಾಯಿತು. ಊಡೆಟ್ ಪ್ಯಾರಾಚೂಟಿನಿಂದ ಪಾರಾದ. ಯು-87ರ ಹಾದಿ ನಿಷ್ಕಂಟಕವಾಯಿತು. ಎರಗುವಾಗ ಊಳಿಡುವಂತೆ ಅದರ ಕಾಲಿಗೆ ಕಟ್ಟಿದ್ದ ಸೈರನ್‌ನ ಕಲ್ಪನೆಯೂ ಊಡೆಟ್‌ನದೇ ಎಂಬ ಮಾತು ಪ್ರಚಲಿತವಾಗಿದೆ.

ಉನ್ನತಾಧಿಕಾರಿಯಾದ ಮೇಲೂ ಕಾಕ್‌ಪಿಟ್‌ನ ಸೆಳೆತ ತಪ್ಪಲಿಲ್ಲ. 1938ರ ಜೂನ್ 5ರಂದು ಹೈಂಕೆಲ್ ಹೆ-100 ವಿಮಾನದಲ್ಲಿ 100 ಕಿಲೋಮೀಟರ್ ಸುತ್ತುಪಥವನ್ನು ಗಂಟೆಗೆ 634 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಕ್ರಮಿಸಿ ವಿಶ್ವದಾಖಲೆ ಬರೆದ. ಆಗ ಆತನ ವಯಸ್ಸು 42. ಅದೇ ಆಗಸ್ಟ್‌ನಲ್ಲಿ ಫ್ರಾನ್ಸಿನ ವಾಯುಪಡೆಯ ಮುಖ್ಯಸ್ಥ ಜನರಲ್ ವೀಯ್‌ಮನ್ ಜರ್ಮನಿಗೆ ಬಂದ. ಊಡೆಟ್ ಆತನನ್ನು ನಿಧಾನಗತಿಯ ಪುಟ್ಟ ವಿಮಾನದಲ್ಲಿ ಕೂರಿಸಿಕೊಂಡು ಹೋಗುವಾಗ ಪಕ್ಕದಲ್ಲೇ ಹೆ-100 ಮಿಂಚಿನಂತೆ ಹಾದುಹೋಯಿತು. ಅದರ ಸರಣಿ ಉತ್ಪಾದನೆ ಭರದಿಂದ ಸಾಗಿದೆ ಎಂಬಂತೆ ಅಧಿಕಾರಿಗಳು ಅತಿಥಿಯ ಮುಂದೆ ಮಾತಾಡಿಕೊಂಡರು. ವಾಸ್ತವದಲ್ಲಿ ಅಂಥ ಉತ್ಪಾದನೆಯೇ ಇರಲಿಲ್ಲ. ಒಟ್ಟು ತಯಾರಾದದ್ದು ಬೆರಳೆಣಿಕೆಗಿಂತ ತುಸು ಹೆಚ್ಚು, ಅಷ್ಟೆ. ಸೆಪ್ಟೆಂಬರ್‌ನಲ್ಲಿ ಹಿಟ್ಲರನ ಬೇಡಿಕೆಗೆ ಮಣಿದ ಮ್ಯೂನಿಕ್ ಒಪ್ಪಂದಕ್ಕೆ ಮುನ್ನ ಫ್ರೆಂಚ್ ನಾಯಕತ್ವದ ಎದೆಗುಂದಿಸಿದ ಸಂಗತಿಗಳಲ್ಲಿ ಈ ನಾಟಕವೂ ಒಂದೆಂದು ಇತಿಹಾಸಕಾರರು ಗಣಿಸುತ್ತಾರೆ.

ಕುರ್ಚಿ ಎಂಬ ಕುತ್ತು

1939ರ ಫೆಬ್ರುವರಿಯಲ್ಲಿ ಊಡೆಟ್ ವಾಯುಪಡೆಯ ಸಮಗ್ರ ಶಸ್ತ್ರಾಸ್ತ್ರ ಪೂರೈಕೆಯ ಮಹಾನಿರ್ದೇಶಕನಾದ. ಸಂಶೋಧನೆ, ವಿನ್ಯಾಸ, ಪರೀಕ್ಷೆ, ಖರೀದಿ, ಕಾರ್ಖಾನೆಗಳ ಹೊಂದಾಣಿಕೆ, ಕಚ್ಚಾವಸ್ತುಗಳ ಹಂಚಿಕೆ. ಹತ್ತಾರು ವಿಭಾಗಗಳ ಕಡತಗಳು ಒಂದೇ ಮೇಜಿಗೆ ಬಂದು ಬೀಳತೊಡಗಿದವು. ವಿಮಾನವನ್ನು ಮೈಮುಟ್ಟಿ ಅರಿಯಬಲ್ಲ ಆತನಿಗೆ ಉತ್ಪಾದನೆಯ ಅಂಕಿಗಳು ಅಪರಿಚಿತ ಲಿಪಿ. ಸಭೆಗಳೆಂದರೆ ಬೇಸರ, ಕಡತದ ಅಂಚಿನಲ್ಲಿ ವ್ಯಂಗ್ಯಚಿತ್ರ ಗೀಚುವುದರಲ್ಲೇ ಸಮಾಧಾನ. 1939ರ ಆಗಸ್ಟ್ 27ರಂದು ಜಗತ್ತಿನ ಮೊಟ್ಟಮೊದಲ ಜೆಟ್ ವಿಮಾನ ಹೈಂಕೆಲ್ ಹೆ-178 ಹಾರಿದಾಗ ಎರ್ನ್ಸ್ಟ್ ಹೈಂಕೆಲ್ ಬೆಳ್ಳಂಬೆಳಗ್ಗೆ ದೂರವಾಣಿಯಲ್ಲಿ ಊಡೆಟ್‌ನನ್ನು ಎಬ್ಬಿಸಿ ಸುದ್ದಿ ಮುಟ್ಟಿಸಿದ. ಅಭಿನಂದನೆ ಹೇಳಿದ ಮಹಾನಿರ್ದೇಶಕ ಮತ್ತೆ ನಿದ್ರೆಗೆ ಜಾರಿದ.

ಧುಮುಕುವ ವಿದ್ಯೆಯ ಮೇಲಿನ ಮೋಹ ಅನರ್ಥಕ್ಕೆ ಹಾದಿಯಾಯಿತು. ಸ್ಟುಕಾದಂಥ ಚಿಕ್ಕ ವಿಮಾನಕ್ಕೆ ಒಪ್ಪಿದ ತತ್ತ್ವವನ್ನು ದೊಡ್ಡ ಬಾಂಬರುಗಳ ಮೇಲೂ ಹೇರಲಾಯಿತು. ವೇಗವೇ ಪ್ರಾಣವೆಂದು ರೂಪಿಸಿದ್ದ ಯು-88ರ ಒಡಲನ್ನು ಧುಮುಕಿನ ಒತ್ತಡ ತಾಳಲೆಂದು ಬಲಪಡಿಸುತ್ತ ಹೋದಂತೆ ಅದರ ತೂಕ ಏರಿತು, ವೇಗ ಇಳಿಯಿತು. ದೂರಗಾಮಿ ಬಾಂಬರ್ ಹೆ-177ರ ಕಥೆ ಇನ್ನೂ ವಿಚಿತ್ರ. ಅಷ್ಟು ದೊಡ್ಡ ವಿಮಾನವೂ ಧುಮುಕಬೇಕೆಂಬ ಹಟವಿತ್ತು; ಗಾಳಿಯ ತಡೆ ತಗ್ಗಿಸಲು ನಾಲ್ಕು ಎಂಜಿನ್ನುಗಳನ್ನು ಎರಡೆರಡಾಗಿ ಬೆಸೆದು, ಪ್ರತಿ ಜೋಡಿಗೆ ಒಂದೇ ಪ್ರೊಪೆಲರ್ ಕೊಡಲಾಯಿತು. ಇಕ್ಕಟ್ಟಿನ ಗೂಡಿನೊಳಗೆ ತೈಲ ಸೋರಿ, ಬಿಸಿಯೇರಿ, ಎಂಜಿನ್ನುಗಳು ಆಗಸದಲ್ಲೇ ಹೊತ್ತಿ ಉರಿದವು. ಸೈನಿಕರು ಅದಕ್ಕೆ ‘ವಾಯುಪಡೆಯ ಸಿಗರೇಟ್ ಲೈಟರ್’ ಎಂದು ಹೆಸರಿಟ್ಟರು. ಇಡೀ ಯುದ್ಧದಲ್ಲಿ ಜರ್ಮನಿಗೆ ನೆಚ್ಚಬಹುದಾದ ದೂರಗಾಮಿ ಬಾಂಬರ್ ಒದಗಲೇ ಇಲ್ಲ.

ಸ್ಟುಕಾ ತನ್ನ ಭೀಕರ ಸಾಮರ್ಥ್ಯವನ್ನು ಸಾಬೀತುಪಡಿಸಿದ್ದು ನಿಜ. 1939ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಪೋಲೆಂಡಿನ ವಿಯೆಲೂನ್ ಪಟ್ಟಣದ ಮೇಲೆ ಅವು ಎರಗಿದವು. ಮಲಗಿದ್ದ ನಾಗರಿಕರು ಪ್ರಾಣತೆತ್ತರು. ಜಾತ್ರೆಯಂಥ ಪ್ರದರ್ಶನಗಳಲ್ಲಿ ಜನ ಚಪ್ಪಾಳೆ ತಟ್ಟಿದ್ದ ಧುಮುಕು ಕೊನೆಗೆ ತಂದಿಟ್ಟ ಫಲ ಇದು, ಊಡೆಟ್‌ನ ಕಥೆ ಹೇಳುವವರು ಇದನ್ನು ಬಿಟ್ಟು ಹೇಳುವಂತಿಲ್ಲ. ಆದರೆ ಸಮರ್ಥ ಯುದ್ಧವಿಮಾನಗಳ ಎದುರು ಸ್ಟುಕಾ ನಿಲ್ಲಲಿಲ್ಲ. 1940ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಮೇಲಿನ ದಾಳಿಯಲ್ಲಿ ಅವು ಹುಳುಗಳಂತೆ ಉದುರಿದಾಗ ಆ ರಣರಂಗದಿಂದಲೇ ಹಿಂತೆಗೆಯಬೇಕಾಯಿತು. ಆ ವರ್ಷ ಬ್ರಿಟನ್ 15 ಸಾವಿರಕ್ಕೂ ಮಿಕ್ಕಿ ವಿಮಾನ ತಯಾರಿಸಿದರೆ ಜರ್ಮನಿಯ ಕಾರ್ಖಾನೆಗಳು ಸುಮಾರು 10 ಸಾವಿರದ ಆಸುಪಾಸಿನಲ್ಲೇ ಉಳಿದವು. ಮೊದಲ ಹಾರಾಟಕ್ಕೂ ಮುನ್ನವೇ ಸಾವಿರದ ಸಂಖ್ಯೆಯಲ್ಲಿ ಬೇಡಿಕೆ ಸಲ್ಲಿಸಿದ್ದ ಮೆಸ್ಸರ್‌ಶ್ಮಿಟ್ ಮಿ-210 ಹಾರಲು ಬಾರದ ವಿಮಾನವೆಂದು ಅಪಖ್ಯಾತಿ ಪಡೆಯಿತು.

ಹೊಣೆ ಊಡೆಟ್ ಒಬ್ಬನದೇ ಅಲ್ಲ. ಯುದ್ಧ ಬೇಗ ಮುಗಿಯುತ್ತದೆಂದು ನಂಬಿದ ಹಿಟ್ಲರ್, ಕೆಲಸ ಹಂಚಿ ವೈಭೋಗದಲ್ಲಿ ಮೈಮರೆತ ಗೋರಿಂಗ್, ಒಳಜಗಳದಲ್ಲಿ ಮುಳುಗಿದ ಉದ್ಯಮಿಗಳು ಎಲ್ಲರೂ ಪಾಲುದಾರರೇ. ಬೆರಳು ಮಾತ್ರ ಊಡೆಟ್‌ನತ್ತ ತಿರುಗಿತು. ಆಡಳಿತದಲ್ಲಿ ಪಳಗಿದ ವಾಯುಪಡೆಯ ಹಿರಿಯ ಅಧಿಕಾರಿ ಎರ್ಹಾರ್ಡ್ ಮಿಲ್ಖ್ ಅಧಿಕಾರಗಳನ್ನು ಒಂದೊಂದಾಗಿ ತನ್ನ ಕೈಗೆ ತೆಗೆದುಕೊಂಡ. ಮದ್ಯವೂ ಉತ್ತೇಜಕ ಮಾತ್ರೆಗಳೂ ಊಡೆಟ್‌ನ ದೇಹವನ್ನು ಹಣ್ಣು ಮಾಡಿದವು. 1941ರ ನವೆಂಬರ್ 17ರಂದು ಬರ್ಲಿನ್ನಿನ ಮನೆಯಲ್ಲಿ ಆತ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟ. ಗೋರಿಂಗ್ ತನ್ನ ಕೈಬಿಟ್ಟನೆಂಬ ಆಕ್ಷೇಪವನ್ನು ಸಾಯುವ ಮುನ್ನ ಬರೆದಿಟ್ಟಿದ್ದ. ಹೊಸ ಆಯುಧದ ಪರೀಕ್ಷೆಯಲ್ಲಿ ಅಪಘಾತವಾಯಿತೆಂದು ಸರ್ಕಾರ ಸುಳ್ಳು ಸಾರಿ, ರಾಜ್ಯಗೌರವದ ಅಂತ್ಯಕ್ರಿಯೆ ನಡೆಸಿತು. ಅದಕ್ಕೆಂದು ಕ್ರಿಮಿಯಾದಿಂದ ಹೊರಟಿದ್ದ, ನೂರು ವಿಜಯಗಳ ಗಡಿ ಮುಟ್ಟಿದ ಮೊದಲ ವೈಮಾನಿಕ ವೆರ್ನರ್ ಮೋಲ್ಡರ್ಸ್ ದಾರಿಯಲ್ಲಿ ಬ್ರೆಸ್ಲೌ ಬಳಿ ವಿಮಾನ ದುರಂತದಲ್ಲಿ ಮಡಿದ. ವಾಯುಪಡೆಯ ದಳವೊಂದಕ್ಕೆ ಊಡೆಟ್‌ನ ಹೆಸರಿಟ್ಟರು. ಆತನನ್ನು ಕೈಬಿಟ್ಟ ಆಡಳಿತ ಆತನ ಹೆಸರನ್ನು ಕೊನೆಯವರೆಗೂ ದುಡಿಸಿಕೊಂಡಿತು.

ಇಂದು ಉಳಿದಿರುವುದು

ಬರ್ಲಿನ್ನಿನ ಇನ್ವಾಲಿಡೆನ್ ಸ್ಮಶಾನದಲ್ಲಿ ಊಡೆಟ್‌ನನ್ನು ಹೂಳಲಾಯಿತು. ನಗರ ಇಬ್ಭಾಗವಾದಾಗ ಬರ್ಲಿನ್ ಗೋಡೆಯ ಕಾವಲು ಪಟ್ಟಿ ಈ ಸ್ಮಶಾನವನ್ನೇ ಸೀಳಿಕೊಂಡು ಹೋಯಿತು. ಅಸಂಖ್ಯ ಸಮಾಧಿಗಳು ನೆಲಸಮವಾದವು. ಏಕೀಕರಣದ ಬಳಿಕ ಅದನ್ನು ಐತಿಹಾಸಿಕ ತಾಣವಾಗಿ ಸಂರಕ್ಷಿಸಲಾಗಿದೆ. ಇನ್ನು ಆ ಎರಡು ಕರ್ಟಿಸ್ ಹಾಕ್‌ಗಳಲ್ಲಿ ಒಂದು ಅಚ್ಚರಿಯೆಂಬಂತೆ ಉಳಿದುಕೊಂಡಿದೆ. ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಅದನ್ನು ಬಾಂಬ್ ದಾಳಿಗೆ ಹೆದರಿ ಯುದ್ಧಕಾಲದಲ್ಲಿ ಪೂರ್ವಕ್ಕೆ ಸಾಗಿಸಲಾಗಿತ್ತು. ಇಂದು ಅದು ಪೋಲೆಂಡಿನ ಕ್ರಕೋವ್ ನಗರದ ವಿಮಾನಯಾನ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಯಾವ ದೇಶದ ಮೇಲೆ ಸ್ಟುಕಾ ಮೊದಲು ಎರಗಿತೋ, ಸ್ಟುಕಾದ ಪ್ರೇರಣೆಯನ್ನು ಕಾಪಿಟ್ಟಿರುವುದೂ ಅದೇ ದೇಶ.

ಆ ಕಾಲದ ಜರ್ಮನ್ ವಿಮಾನ ವಿನ್ಯಾಸದ ಒಂದು ಎಳೆ ನಮ್ಮ ಬೆಂಗಳೂರಿಗೂ ತಲುಪಿದೆ. ಊಡೆಟ್‌ನ ಅಧಿಕಾರಾವಧಿಯಲ್ಲಿ ರೂಪು ತಳೆದು ಯಶಸ್ವಿಯಾದ ವಿಮಾನಗಳಲ್ಲಿ ಅಗ್ರಸ್ಥಾನ ಫೋಕ್-ವುಲ್ಫ್ 190ಕ್ಕೆ ಸಲ್ಲುತ್ತದೆ. ಅದರ ವಿನ್ಯಾಸಕಾರ ಕುರ್ಟ್ ಟ್ಯಾಂಕ್, ಸ್ವತಃ ನುರಿತ ಪರೀಕ್ಷಾರ್ಥ ಚಾಲಕ. ಯುದ್ಧದ ಬಳಿಕ ಅರ್ಜೆಂಟೀನಾದಲ್ಲಿ ನೆಲೆಸಿದ್ದ ಆತ 1956ರಲ್ಲಿ ಭಾರತದ ಆಹ್ವಾನದ ಮೇರೆಗೆ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದು, ಭಾರತೀಯ ಎಂಜಿನಿಯರುಗಳ ಜೊತೆಗೂಡಿ ನಮ್ಮ ದೇಶದ ಮೊದಲ ಸ್ವದೇಶಿ ಜೆಟ್ ಯುದ್ಧವಿಮಾನ ಎಚ್‌ಎಫ್-24 ‘ಮಾರುತ್’ ಅನ್ನು ವಿನ್ಯಾಸಗೊಳಿಸಿದ. 1961ರ ಜೂನ್ 17ರಂದು ಅದು ಬೆಂಗಳೂರಿನ ಬಾನಿಗೇರಿತು. ವಿಮಾನ ಹಾರಿಸಬಲ್ಲ ಕೈ, ಅದನ್ನು ಕಟ್ಟಬಲ್ಲ ತಲೆ ಎರಡೂ ಕೂಡಿಬಂದಿದ್ದ ಟ್ಯಾಂಕ್‌ನನ್ನು ಕಂಡಾಗ, ಊಡೆಟ್‌ನಲ್ಲಿ ಇಲ್ಲದಿದ್ದುದು ಏನೆಂಬುದು ಸ್ಪಷ್ಟವಾಗುತ್ತದೆ.

ಊಡೆಟ್‌ಗೆ ಸಾಹಿತ್ಯದಲ್ಲಿ ಅಮರತ್ವ ತಂದವನು ಆತನ ಗೆಳೆಯ, ನಾಟಕಕಾರ ಕಾರ್ಲ್ ಟ್ಸುಕ್‌ಮೇಯರ್. ನಾಜಿಗಳ ಕಣ್ಣಿಗೆ ಬೇಡವಾಗಿದ್ದ ಈ ಲೇಖಕ 1936ರಲ್ಲಿ ಬರ್ಲಿನ್ನಿಗೆ ಬಂದಾಗ ಇಬ್ಬರೂ ಕೊನೆಯ ಬಾರಿ ಭೇಟಿಯಾದರು. ಈ ದೇಶದಲ್ಲಿ ಮನುಷ್ಯನ ಘನತೆಗೆ ಜಾಗವಿಲ್ಲ, ಹೊರಟುಹೋಗು, ಮರಳಿ ಬರಬೇಡ ಎಂದು ಊಡೆಟ್ ಗೆಳೆಯನಿಗೆ ತಿಳಿಹೇಳಿದ. ನೀನೋ ಎಂದು ಕೇಳಿದ್ದಕ್ಕೆ, ತಾನು ಹಾರಾಟಕ್ಕೆ ಮಾರಿಹೋದವನು, ಇನ್ನು ಬಿಡಿಸಿಕೊಳ್ಳಲಾರೆ ಎಂಬರ್ಥದ ಉತ್ತರ ಬಂತೆಂದು ಟ್ಸುಕ್‌ಮೇಯರ್ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಅಮೆರಿಕದ ವರ್ಮಾಂಟ್‌ನಲ್ಲಿ ದೇಶಭ್ರಷ್ಟನಾಗಿದ್ದಾಗ ಗೆಳೆಯನ ಸಾವಿನ ಸುದ್ದಿ ಮುಟ್ಟಿತು; ಅದರಿಂದ ಹುಟ್ಟಿದ್ದು ‘ಸೈತಾನನ ಸೇನಾಪತಿ’ ನಾಟಕ. 1946ರಲ್ಲಿ ಜ್ಯೂರಿಕ್‌ನಲ್ಲಿ ರಂಗವೇರಿದ ಅದು ಯುದ್ಧಾನಂತರದ ಜರ್ಮನಿಯಲ್ಲಿ ಅಪಾರ ಜನಪ್ರಿಯತೆ ಗಳಿಸಿತು, 1955ರಲ್ಲಿ ಚಲನಚಿತ್ರವಾಯಿತು. ಸರ್ವಾಧಿಕಾರಿಯನ್ನು ತಿರಸ್ಕರಿಸುತ್ತಲೇ ಅವನಿಗೆ ದುಡಿಯುವ ವೈಮಾನಿಕನ ಅಪರಾಧ ಎಷ್ಟು ಎಂಬ ಚರ್ಚೆಯನ್ನು ಅದು ಒಂದು ಇಡೀ ಪೀಳಿಗೆಯ ಮುಂದಿಟ್ಟಿತು.

ಊಡೆಟ್‌ಗೆ ತಿಳಿವಳಿಕೆಯ ಕೊರತೆಯಿರಲಿಲ್ಲ ಎಂಬುದಕ್ಕೆ ಆ ಭೇಟಿಯೇ ಸಾಕ್ಷಿ. ತಾನು ಯಾರ ಸೇವೆಯಲ್ಲಿದ್ದೇನೆಂದು ಬಲ್ಲವನಾಗಿಯೇ ಆತ ಐದು ವರ್ಷ ಅಲ್ಲಿ ಉಳಿದ. ವಿಮಾನಯಾನದ ಚರಿತ್ರೆ ಆತನಿಗೆ ಸಲ್ಲಬೇಕಾದ ಸ್ಥಾನವನ್ನು ಧಾರಾಳವಾಗಿ ಕೊಟ್ಟಿದೆ; ರೆಕ್ಕೆಯ ಮೇಲಿನ ಹತೋಟಿಯಲ್ಲಿ ಆತನನ್ನು ಸರಿಗಟ್ಟಿದವರು ವಿರಳ. ಆದರೆ ಅದೇ ಚರಿತ್ರೆ ವಿಯೆಲೂನ್ ಪಟ್ಟಣದ ಲೆಕ್ಕವನ್ನೂ ಆತನ ಹೆಸರಿನ ಕೆಳಗೇ ಬರೆದಿದೆ. ಪ್ರತಿಭೆ ಯಾರಿಗೆ ಬೇಕಾದರೂ ಒಲಿಯಬಹುದು. ಅದನ್ನು ಯಾರ ಕೈಗೆ ಒಪ್ಪಿಸಬೇಕೆಂಬ ವಿವೇಕವನ್ನು ಪ್ರತಿಭೆ ಜೊತೆಗೆ ತರುವುದಿಲ್ಲ. ಅದನ್ನು ಬೇರೆಯೇ ಗಳಿಸಿಕೊಳ್ಳಬೇಕು, ಊಡೆಟ್ ಆ ಗಳಿಕೆಯ ಗೋಜಿಗೆ ಹೋಗಲಿಲ್ಲ.